ನೀರಿನ ಫಿಲ್ಟರ್ ಎದುರಿನ ಟೀವಿ: ಪುಣೆಯ ಒಂದು ಹಾಸ್ಟೆಲ್ ಪ್ರಕರಣ

ಜತ್ತ ತಾಲೂಕಿನ ಒಂದು ಹಳ್ಳಿಯಿಂದ ಬಂದ ಹುಡುಗ ಮೂರೇ ತಿಂಗಳಿಗೆ ಹಾಸ್ಟೆಲ್ ಬಿಟ್ಟು ಊರಿಗೆ ಹೋದ. ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದ್ದ, ಮೊದಲನೇ ಮಹಡಿಯಲ್ಲಿದ್ದ. ಜಗಳ ಆಗಿರಲಿಲ್ಲ, ಕಾಯಿಲೆ ಇರಲಿಲ್ಲ, ಫೀ ಬಾಕಿಯೂ ಇರಲಿಲ್ಲ. ಅವನು ಹೋದ ಮೇಲೆ ಒಂದು ಸಂಗತಿ ಗೊತ್ತಾಯಿತು. ಮೂರನೇ ಮಹಡಿಯಲ್ಲಿ ಅವನ ಪಕ್ಕದ ಊರಿನ ಹುಡುಗನೇ ಇದ್ದ. ಅದೇ ಕಾಲೇಜು, ಅದೇ ಬ್ರಾಂಚು, ಎರಡು ವರ್ಷ ಸೀನಿಯರ್. ಇಬ್ಬರೂ ಕನ್ನಡ ಶಾಲೆಯಲ್ಲಿ ಓದಿದವರು. ಮೂರು ತಿಂಗಳು ಒಂದೇ ಮೆಸ್ಸಿನಲ್ಲಿ ಊಟ ಮಾಡಿದವರು. ಒಬ್ಬರಿಗೊಬ್ಬರ ಪರಿಚಯವೇ ಇರಲಿಲ್ಲ.

ಅದೇ ಕಟ್ಟಡದ ಬಾಗಿಲಲ್ಲಿ 43 ಇಂಚಿನ ಒಂದು ಟೀವಿ ಬೆಳಗಿನಿಂದ ರಾತ್ರಿವರೆಗೂ ಉರಿಯುತ್ತಿತ್ತು. ಮಕ್ಕಳನ್ನು ಒಂದುಗೂಡಿಸಲಿ ಅಂತಲೇ ಅದನ್ನು ತಂದಿದ್ದರು. ಆ ಟೀವಿಯನ್ನು ಹೇಗೆ ಬದಲಾಯಿಸಿದೆವು, ಎಲ್ಲೆಲ್ಲಿ ತಪ್ಪಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಸ್ಟೆಲ್ ಹೆಸರು ಹಾಕಬೇಡಿ ಅಂತ ಅಲ್ಲಿನವರು ಕೇಳಿಕೊಂಡಿದ್ದಾರೆ. ಪುಣೆಯ ಹಳೆಯ ಪೇಠೆಗಳ ಹತ್ತಿರ, ಒಂದು ಗಲ್ಲಿಯೊಳಗೆ ಇದೆ ಅಂದರೆ ಸಾಕು. ಕನ್ನಡದ ಹಿರಿಯರು ಕೆಲವರು ಟ್ರಸ್ಟ್ ಮಾಡಿಕೊಂಡು ನಡೆಸುತ್ತಾರೆ. ಗಲ್ಲಿಯ ಈಚೆ ಹುಡುಗರದು, ಆಚೆ ಹುಡುಗಿಯರದು, ಇಬ್ಬರಿಗೂ ಮೆಸ್ ಒಂದೇ. ವಿಜಯಪುರ, ಕಲಬುರಗಿ, ಬೀದರ್, ಅಥಣಿ ಕಡೆಯ ಮಕ್ಕಳು ಜಾಸ್ತಿ. ಮಹಾರಾಷ್ಟ್ರದೊಳಗಿನ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದವರೂ ಇದ್ದಾರೆ. ಆ ತಾಲೂಕುಗಳಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಇವರಲ್ಲದೆ ಇನ್ನೊಂದು ಗುಂಪಿದೆ. ಅಪ್ಪನೋ ಅಜ್ಜನೋ ಪಿಂಪ್ರಿ-ಚಿಂಚವಾಡದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಮನೆಗಳ ಮಕ್ಕಳು. ಅವರು ಹಾಸ್ಟೆಲ್‌ನಲ್ಲಿ ಇರುವುದಿಲ್ಲ. ಊಟಕ್ಕೆ, ಓದುವ ಕೋಣೆಗೆ ಬಂದು ಹೋಗುತ್ತಾರೆ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ.

ನಾನು ಧಾರವಾಡದವಳು. ಪುಣೆಯಲ್ಲಿ ಕಂಪನಿಗಳಿಗೆ ಮೊಬೈಲು, ಕಂಪ್ಯೂಟರ್ ಪರದೆಗಳ ವಿನ್ಯಾಸ ಮಾಡುವುದು ನನ್ನ ಹೊಟ್ಟೆಪಾಡು. ಅಲ್ಲಿನ ವಾರ್ಡನ್ ಕಲಬುರಗಿಯವರು. ಒಂದು ದಿನ ಫೋನ್ ಮಾಡಿದರು.

"ಮೇಡಂ, ಟೀವಿ ಅದ, ಹುಡುಗರು ನೋಡಂಗಿಲ್ಲ. ನೀವು ಸ್ವಲ್ಪ ಚಂದ ಮಾಡಿ ಕೊಡ್ರಿ."

ಚಂದ ಮಾಡುವುದು ಅಂದರೆ ಬಣ್ಣ, ಫಾಂಟು, ಎರಡು ದಿನದ ಕೆಲಸ ಅಂದುಕೊಂಡು ಹೋದೆ. ಜತ್ತದ ಹುಡುಗನ ಕಥೆ ಆಮೇಲೆ, ಚಹಾ ಕುಡಿಯುವಾಗ ಬಂತು. ಅದನ್ನು ಹೇಳುವಾಗ ವಾರ್ಡನ್ ಅವರ ದನಿ ಸಣ್ಣದಾಯಿತು. ಅವರನ್ನು ಕಾಡುತ್ತಿದ್ದದ್ದು ಟೀವಿ ಅಲ್ಲ ಅಂತ ನನಗೆ ಆಗ ಅರ್ಥವಾಯಿತು.

ಟೀವಿಯಲ್ಲಿ ಏನಿತ್ತು?

ಬಾಗಿಲ ಚೌಕಟ್ಟಿನ ಮೇಲೆ, ತಲೆ ಎತ್ತಿ ನೋಡಬೇಕಾದ ಎತ್ತರದಲ್ಲಿ ಟೀವಿ ತೂಗುತ್ತಿತ್ತು. ಮೊದಲು ಸ್ಥಾಪಕರ ಫೋಟೋ. ಆಮೇಲೆ ಹಾಸ್ಟೆಲ್ ನಿಯಮಗಳು, ಎಲ್ಲಾ ಒಂದೇ ಪುಟದಲ್ಲಿ. ಆಮೇಲೆ ಫೀ ಕಟ್ಟುವ ಕೊನೆಯ ದಿನ, ಅದು ಮುಗಿದು ಮೂರು ವಾರವಾಗಿತ್ತು. ಕೆಳಗೆ ಎಡಕ್ಕೆ ಓಡುವ ಇಂಗ್ಲಿಷ್ ಸಾಲು. ಎರಡು ಪುಟಗಳಲ್ಲಿ ಅಕ್ಷರಗಳೇ ಒಡೆದಿದ್ದವು. ಆಫೀಸಿನವರು ನೋಟಿಸುಗಳನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದರು. ಅವು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಬಳಕೆಗೆ ಬರುವ ಮುಂಚಿನ ಕ್ರಮದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದು ಹಾಗೇ ತಿಂಗಳುಗಟ್ಟಲೆ ಓಡಿತ್ತು. ಯಾರೂ ಬಂದು ಹೇಳಿರಲಿಲ್ಲ. ನೋಡಿದ್ದರೆ ತಾನೇ ಹೇಳುವುದು?

ಮೂರು ಸಂಜೆ ಸುಮ್ನೆ ಕೂತು ನೋಡಿದೆ. ಬಾಗಿಲಲ್ಲಿ ಯಾರೂ ನಿಲ್ಲುವುದಿಲ್ಲ. ಚಪ್ಪಲಿ ಬಿಡುತ್ತಾರೆ, ಕೈಯಲ್ಲಿ ಮೊಬೈಲ್, ಸೀದಾ ಮೆಟ್ಟಿಲು. ನಿಲ್ಲುವ ಜಾಗ ಎರಡೇ. ಒಂದು, ರಾತ್ರಿ ರೊಟ್ಟಿ ಕಟ್ಟೆಯ ಮುಂದಿನ ಸಾಲು. ಇನ್ನೊಂದು, ಮೆಸ್ ಬಾಗಿಲ ಪಕ್ಕದ ನೀರಿನ ಫಿಲ್ಟರ್. ಒಂದು ಬಾಟಲಿ ತುಂಬಲು ಸುಮಾರು ಒಂದು ನಿಮಿಷ. ಹಿಂದೆ ಇಬ್ಬರು ಮೂವರು ಕಾಯುತ್ತಿರುತ್ತಾರೆ. ಒಂದು ಕೈಯಲ್ಲಿ ಬಾಟಲಿ, ಕಣ್ಣಿಗೆ ಕೆಲಸ ಇಲ್ಲ.

ಆ ಫಿಲ್ಟರ್ ಪಕ್ಕದ ಗೋಡೆ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು, ಕೆಲವನ್ನು ಅನ್ನದ ಅಗುಳಿನಿಂದ ಅಂಟಿಸಿದ್ದರು. 'ಎಂ-3 ಪುಸ್ತಕ ಬೇಕು.' 'ನೀಲಿ ಟವೆಲ್ ತಗೊಂಡವರು ವಾಪಸ್ ಕೊಡ್ರಿ, ಅವ್ವ ಕೊಟ್ಟದ್ದು.' ಹಾಸ್ಟೆಲ್‌ನ ನಿಜವಾದ ನೋಟಿಸ್ ಬೋರ್ಡ್ ಅದು. ವಾರ್ಡನ್ ವಾರಕ್ಕೊಮ್ಮೆ ಗೋಡೆ ಸ್ವಚ್ಛ ಮಾಡಿಸುತ್ತಿದ್ದರು. ಮಕ್ಕಳು ಮತ್ತೆ ಅಂಟಿಸುತ್ತಿದ್ದರು.

ಹೀಗೆ ಬರೆದು ಹಾಕಿ ಮಾತಾಡುವುದನ್ನು ಪುಣೆಯಲ್ಲಿ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇಲ್ಲಿನ ಮನೆ, ಅಂಗಡಿಗಳ ಮುಂದಿನ ಸೂಚನಾ ಫಲಕಗಳು, ಪುಣೇರಿ ಪಾಟಿಗಳು, ಊರಿಗೇ ಹೆಸರುವಾಸಿ. ಎರಡೇ ಸಾಲು, ಬರೆದವರ ದನಿ ಕಿವಿಗೆ ಬಿದ್ದಂತೆ ಇರುತ್ತದೆ. ಚೌಕಗಳಲ್ಲಿ ಮಂಡಳಗಳ ಕಪ್ಪುಹಲಗೆ ಇರುತ್ತವೆ, ಸೀಮೆಸುಣ್ಣದಲ್ಲಿ ಬರೆದು ಅಳಿಸಿ ಮತ್ತೆ ಬರೆಯುತ್ತಾರೆ. ರಸ್ತೆ ಬದಿಯ ಪುಟ್ಟ ವಾಚನಾಲಯಗಳಲ್ಲಿ ಹಿರಿಯರು ಬೆಳಿಗ್ಗೆ ಬಂದು ಪತ್ರಿಕೆ ಓದುತ್ತಾರೆ. ಒಬ್ಬರು ಓದುತ್ತಿದ್ದರೆ ಇನ್ನೊಬ್ಬರು ಭುಜದ ಮೇಲಿಂದ ಬಗ್ಗಿ ನೋಡುತ್ತಾರೆ, ಮಾತು ಶುರುವಾಗುತ್ತದೆ. ಹದಿನೈದು ವರ್ಷ ಇವುಗಳ ಮುಂದೆ ಓಡಾಡಿದ್ದೇನೆ. ಇದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಅಂತ ಆ ಗೋಡೆ ನೋಡುವವರೆಗೂ ಹೊಳೆದಿರಲಿಲ್ಲ.

ಸಾರ್ವಜನಿಕ ಪರದೆಗಳ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ಎಲೇನ್ ಹ್ವಾಂಗ್, ಅನ್ನಾ ಕೋಸ್ಟರ್, ಯಾನ್ ಬೋರ್ಶರ್ಸ್ 2008ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಇಂಥ ಪರದೆಯನ್ನು ಜನ ನೋಡಿದರೂ ಒಂದೆರಡು ಸೆಕೆಂಡು ಅಷ್ಟೇ. ತಲೆಯ ಮೇಲೆ ತೂಗುವುದಕ್ಕಿಂತ ಕಣ್ಣಿನ ಮಟ್ಟದಲ್ಲಿರುವುದು ಹೆಚ್ಚು ಕಣ್ಣಿಗೆ ಬೀಳುತ್ತದೆ. ಮರುವರ್ಷ ಯೋರ್ಗ್ ಮ್ಯೂಲರ್ ಮತ್ತು ಜೊತೆಗಾರರು ಇನ್ನೊಂದು ಕಾರಣ ಹೇಳಿದರು. 'ಇದರಲ್ಲಿ ನನಗೆ ಬೇಕಾದ್ದು ಏನೂ ಇರಲ್ಲ' ಅಂತ ಜನ ಮೊದಲೇ ತೀರ್ಮಾನಿಸಿರುತ್ತಾರೆ, ಆಮೇಲೆ ಕಣ್ಣು ತಾನಾಗೇ ಅದನ್ನು ಬಿಟ್ಟು ಹೋಗುತ್ತದೆ. ಅದಕ್ಕೆ ಅವರು ಕೊಟ್ಟ ಹೆಸರನ್ನು ನಾನು 'ಪರದೆಗುರುಡು' ಅಂತ ಕನ್ನಡಕ್ಕೆ ತಂದುಕೊಂಡಿದ್ದೇನೆ. ಮುಂದೆ ಗೋಡೆಯ ಅಳತೆ ಹಿಡಿಯುವಾಗ, ಪುಟ ಮಾಡುವಾಗ ಈ ಎರಡನ್ನೂ ತಲೆಯಲ್ಲಿಟ್ಟುಕೊಂಡೆ.

ಒಂದು ಫೋನು

ಕೆಲಸ ಶುರು ಮಾಡುವ ಮುಂಚೆ ಜತ್ತದ ಹುಡುಗನಿಗೆ ಫೋನ್ ಮಾಡಿದೆ. ವಾರ್ಡನ್ ಮೊದಲು ಅವನ ಒಪ್ಪಿಗೆ ಕೇಳಿ ನಂಬರ್ ಕೊಟ್ಟರು. ಅವನು ಈಗ ಊರ ಹತ್ತಿರವೇ ಓದುತ್ತಿದ್ದಾನೆ, ಚೆನ್ನಾಗಿದ್ದಾನೆ. ಹಾಸ್ಟೆಲ್‌ನಲ್ಲಿ ಏನು ಇದ್ದಿದ್ದರೆ ನೀನು ಉಳೀತಿದ್ದೆ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

"ಅಕ್ಕಾರ, ಊಟಕ್ಕ ಕುಂತಾಗ ಬಾಜೂಕ ಒಬ್ರು ಬೇಕಾಗಿತ್ರಿ. ಅಷ್ಟ."

ಮೂರನೇ ಮಹಡಿಯ ಹುಡುಗನನ್ನೂ ಕೇಳಿದೆ. ಅವನಿಗೆ ಇದು ಮನಸ್ಸಿಗೆ ಹತ್ತಿತ್ತು. "ನಾ ದಿನಾ ಅಲ್ಲೇ ನೀರು ತುಂಬ್ತಿದ್ದೆರಿ. ಅಂವನೂ ಅಲ್ಲೇ ತುಂಬಿರಬೇಕು" ಅಂದ. ಮುಂದೆ ಟೀವಿಯ ಕೆಲಸದಲ್ಲಿ ನನ್ನ ಜೊತೆ ಕೊನೆಯವರೆಗೂ ನಿಂತವನು ಅವನೇ.

ಆ ಎರಡು ಮಾತಿನಿಂದ ಕೆಲಸದ ಗುರಿ ಬದಲಾಯಿತು. ಟೀವಿಯನ್ನು ಎಷ್ಟು ಜನ ನೋಡುತ್ತಾರೆ ಅನ್ನುವುದನ್ನು ಬಿಟ್ಟುಬಿಟ್ಟೆ. ಅದರ ಮುಂದೆ ನಿಂತ ಇಬ್ಬರು ಅಪರಿಚಿತರು ಮಾತಾಡುತ್ತಾರಾ ಅನ್ನೋದನ್ನು ಹಿಡಿದುಕೊಂಡೆ.

ಜಾಗ, ಅಕ್ಷರ, ಲಿಪಿ

ಟೀವಿಯನ್ನು ಬಾಗಿಲಿಂದ ಇಳಿಸಿ ಫಿಲ್ಟರ್ ಎದುರಿನ ಗೋಡೆಗೆ ತರಬೇಕಿತ್ತು. ಟ್ರಸ್ಟಿನ ಹಿರಿಯರು ಒಪ್ಪಲಿಲ್ಲ. ಬಂದ ಅತಿಥಿಗಳಿಗೆ ಕಾಣಬೇಕು, ಕೊಟ್ಟವರ ಹೆಸರು ಕಾಣಬೇಕು ಅನ್ನೋದು ಅವರ ಮಾತು. ನ್ಯಾಯವಾದ ಮಾತೇ. ನಾನು ವಾದ ಮಾಡಲಿಲ್ಲ. ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ ರಾತ್ರಿ ಎಂಟಕ್ಕೆ ಫಿಲ್ಟರ್ ಹತ್ತಿರ ಹತ್ತು ನಿಮಿಷ ನಿಲ್ಲಿಸಿದೆ. ಅವರು ಗೋಡೆಯ ಚೀಟಿಗಳನ್ನು ಓದಿದರು. ಟವೆಲ್ಲಿನ ಚೀಟಿ ಎರಡು ಸಲ ಓದಿದರು. ದಾನಿಯ ಹೆಸರಿದ್ದ ಹಿತ್ತಾಳೆ ಫಲಕವನ್ನೂ ಟೀವಿ ಜೊತೆಗೇ ತಂದು ಕೆಳಗೆ ಹಾಕಿದೆವು. ಹತ್ತಿರ ನೀರಿರುವುದರಿಂದ ವಿದ್ಯುತ್ ಪಾಯಿಂಟ್ ಎದುರು ಗೋಡೆಯಲ್ಲೇ, ಎತ್ತರದಲ್ಲಿ ಮಾಡಿಸಿದೆವು. ಪರದೆಯ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕೆ, ಸುಮಾರು 5 ಅಡಿಗೆ ಬಂತು.

ಅಕ್ಷರದ ಲೆಕ್ಕ ಸ್ವಲ್ಪ ವಿವರವಾಗಿ ಹೇಳಬೇಕು, ಕನ್ನಡಕ್ಕೆ ಇದು ಬೇರೆಯೇ. ಬೋರ್ಡು ಬರೆಯುವವರ ಒಂದು ವಾಡಿಕೆ ಇದೆ: 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಸಾಲಿನಲ್ಲಿ ನಿಂತವರಿಂದ ನಮ್ಮ ಪರದೆಗೆ 8ರಿಂದ 12 ಅಡಿ. ಅಂದರೆ ಸುಮಾರು 1 ಇಂಚಿನ ಅಕ್ಷರ ಬೇಕು. 43 ಇಂಚಿನ ಟೀವಿಯ ಎತ್ತರ ಸುಮಾರು 21 ಇಂಚು. ಇಂಗ್ಲಿಷ್ ಆದರೆ ಹತ್ತು ಸಾಲು ಹೇಗೋ ಕೂರಿಸಬಹುದು. ಕನ್ನಡದಲ್ಲಿ ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. 'ಸ್ತ್ರೀ' ಅನ್ನುವ ಒಂದು ಅಕ್ಷರ ಎಷ್ಟು ಜಾಗ ಕೇಳುತ್ತದೆ ನೋಡಿ. ಸಾಲುಗಳನ್ನು ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಹೀಗಾಗಿ ಒಂದೊಂದು ಸಾಲಿಗೆ ಎರಡೂವರೆ ಇಂಚು ಬಿಟ್ಟೆ, ಸುತ್ತ ಖಾಲಿ ಜಾಗ ಬಿಟ್ಟೆ. ಆರು ಸಾಲು ಸಿಕ್ಕಿತು. ಒಂದು ಪುಟಕ್ಕೆ ಆರೇ ಸಾಲು ಅನ್ನೋದು ಆಮೇಲೆ ನಮ್ಮ ಕಾಯ್ದೆಯೇ ಆಯಿತು. ಹದಿನಾಲ್ಕು ಸಾಲಿನ ಸೂಚನೆ ತಂದ ಆಫೀಸಿನವರಿಗೂ ಇದೇ ಕಾಯ್ದೆ.

ತಲೆಸಾಲಿಗೆ ಬಾಲೂ ತಮ್ಮ ಫಾಂಟು. ಮುಂಬೈಯ ಏಕ್ ಟೈಪ್ ಅವರು ಮಾಡಿದ್ದು, ದಪ್ಪಗೆ ದುಂಡಗೆ ದೂರದಿಂದ ಚೆನ್ನಾಗಿ ಕಾಣುತ್ತದೆ. ಉಳಿದ ಸಾಲಿಗೆ ನೋಟೋ ಸ್ಯಾನ್ಸ್ ಕನ್ನಡ. ಎರಡೂ ಉಚಿತ, ಎರಡೂ ಯುನಿಕೋಡ್.

ಲಿಪಿಯ ಪ್ರಶ್ನೆಗೆ ಇಷ್ಟು ಸುಲಭದ ಉತ್ತರ ಇರಲಿಲ್ಲ. ಕನ್ನಡ ಮಾತ್ರ ಹಾಕಿದರೆ ಪಿಂಪ್ರಿ ಕಡೆಯ ಮಕ್ಕಳು ಹೊರಗೆ ಉಳಿಯುತ್ತಾರೆ. ಮರಾಠಿ ಅನುವಾದ ಹಾಕಿದರೆ ಕನ್ನಡದ ಆರು ಸಾಲು ಮೂರಕ್ಕೆ ಇಳಿಯುತ್ತದೆ. ಎಲ್ಲರಿಗೂ ಬರುತ್ತೆ ಅಂತ ಇಂಗ್ಲಿಷ್ ಹಾಕಿ ಅಂದರು ಕೆಲವರು. ಮೊದಲ ವರ್ಷದ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಅಂದರೆ ಕಾಲೇಜಿನ ಭಯವೇ. ಆ ಭಯವನ್ನು ಊಟದ ಮನೆಗೂ ತರಲು ನನಗೆ ಮನಸ್ಸಾಗಲಿಲ್ಲ. ಪಿಂಪ್ರಿ ಕಡೆಯ ಒಬ್ಬ ಹುಡುಗಿಯೇ ದಾರಿ ತೋರಿಸಿದಳು. "ಮಾತು ಕನ್ನಡಾನೇ ಇರಲಿ ಅಕ್ಕ. ಮೇಲಿನ ಒಂದು ಸಾಲು ಮಾತ್ರ ದೇವನಾಗರಿಯಲ್ಲೂ ಬರೀರಿ. ಉಳಿದದ್ದು ನಾವು ಪಕ್ಕದವರನ್ನು ಕೇಳ್ತೀವಿ." ಹಾಗೇ ಮಾಡಿದೆವು. 'ಪುಸ್ತಕ ಬೇಕು' ಅನ್ನೋದು ಎರಡು ಲಿಪಿಯಲ್ಲಿ, ಯಾವ ಪುಸ್ತಕ, ಯಾರಿಗೆ ಅನ್ನೋದು ಕನ್ನಡದಲ್ಲಿ. ಅವರು ನಿಜಕ್ಕೂ ಪಕ್ಕದವರನ್ನು ಕೇಳಿದರು. ಓದಲು ಬಾರದ್ದೇ ಮಾತಿಗೆ ಒಂದು ನೆಪವಾಯಿತು. ನಾನು ಮೂರು ಭಾಷೆಯಲ್ಲಿ ನೀಟಾಗಿ ಎಲ್ಲಾ ಕೊಟ್ಟಿದ್ದರೆ ಆ ನೆಪ ಹೋಗುತ್ತಿತ್ತು.

ಚುರುಮುರಿ ಡಬ್ಬಿ

ಟೀವಿಯ ಹಿಂದೆ ಒಂದು ರಾಸ್‌ಬೆರಿ ಪೈ ಕೂರಿಸಿದೆವು. ಅಂಗೈಯಷ್ಟು ಅಗಲದ ಕಂಪ್ಯೂಟರ್, 2012ರಲ್ಲಿ ಮೊದಲ ಸಲ 35 ಡಾಲರಿಗೆ ಮಾರುಕಟ್ಟೆಗೆ ಬಂತು. ಪುಟಗಳು ಅದರಲ್ಲೇ ಉಳಿಯುವುದರಿಂದ ವೈಫೈ ಹೋದರೂ ಟೀವಿ ಓಡುತ್ತದೆ. ಬೆಳಿಗ್ಗೆ 7ರಿಂದ 9, ರಾತ್ರಿ 7ರಿಂದ 10, ಒಟ್ಟು 5 ಗಂಟೆ ಮಾತ್ರ. ಟೀವಿಗೆ 80 ವಾಟ್ ಹಿಡಿದರೆ ತಿಂಗಳಿಗೆ 12 ಯೂನಿಟ್. ಲೆಕ್ಕಪತ್ರ ನೋಡುವ ಹಿರಿಯರು ಮೊದಲ ಬಾರಿ ನಕ್ಕಿದ್ದು ಈ ಸಂಖ್ಯೆ ಕೇಳಿ.

ಬಾಟಲಿ ತುಂಬಲು ಒಂದು ನಿಮಿಷ ಅಂದೆನಲ್ಲ. ಅದನ್ನೇ ಅಳತೆಗೋಲು ಮಾಡಿದೆ. ಪುಟಕ್ಕೆ 12 ಸೆಕೆಂಡು, ಒಟ್ಟು 5 ಪುಟ. ಒಂದು ಬಾಟಲಿ ತುಂಬುವುದರೊಳಗೆ ಎಲ್ಲಾ ಪುಟ ಒಮ್ಮೆ ಬಂದು ಹೋಗುತ್ತವೆ. ಓಡುವ ಸಾಲು ಇಲ್ಲ, ಕುಣಿಯುವ ಚಿತ್ರ ಇಲ್ಲ. ಸ್ಥಾಪಕರ ಫೋಟೋ ಅವರ ಪುಣ್ಯತಿಥಿಯ ದಿನ ಇಡೀ ದಿನ ಬರುತ್ತದೆ. ಈಗ ಮಕ್ಕಳು ಅದನ್ನು ನಿಂತು ನೋಡುತ್ತಾರೆ.

ಮಕ್ಕಳ ಮಾತು ಪರದೆಗೆ ಹೇಗೆ ಬರಬೇಕು? ನಾನು ಮಾಡಿದ ಮೊದಲ ತಪ್ಪು ಇಲ್ಲಿದೆ. ಒಂದು ವಾಟ್ಸ್‌ಆಪ್ ನಂಬರ್ ಕೊಟ್ಟು, ಕಳಿಸಿದ್ದೆಲ್ಲಾ ನೇರವಾಗಿ ಟೀವಿಗೆ ಬರುವಂತೆ ಮಾಡಿದೆ. ಯಾರ ತಡೆಯೂ ಇಲ್ಲದಿದ್ದರೆ ಅದು ಮಕ್ಕಳದೇ ಆಗುತ್ತದೆ ಅಂತ ನಂಬಿದ್ದೆ. ಮೊದಲ ವಾರ ಹುಟ್ಟುಹಬ್ಬದ ಸೆಲ್ಫಿಗಳು. ಎರಡನೇ ವಾರ ಯಾರೋ ಒಬ್ಬ ಜೂನಿಯರ್ ಹುಡುಗ ಬಾಯಿ ತೆರೆದು ಮಲಗಿದ್ದ ಫೋಟೋ ಹಾಕಿದರು, ಕೆಳಗೆ ಒಂದು ಕೆಟ್ಟ ಸಾಲು. ರೊಟ್ಟಿ ಸಾಲಿನಲ್ಲಿ ನಿಂತ ಅಷ್ಟೂ ಜನ ನೋಡಿದರು. ಆ ಹುಡುಗ ಎರಡು ದಿನ ಮೆಸ್ಸಿಗೆ ಬರಲಿಲ್ಲ. ಯಾರನ್ನು ಒಳಗೆ ತರಬೇಕು ಅಂತ ಈ ಕೆಲಸ ಶುರುಮಾಡಿದ್ದೆನೋ ಅಂಥವನನ್ನೇ ಅದು ಹೊರಗೆ ತಳ್ಳಿತು. ನಾನು ಅವನ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಟೀವಿಯನ್ನು ನಾಲ್ಕು ದಿನ ಆರಿಸಿದೆವು.

ಮತ್ತೆ ಹಚ್ಚುವಾಗ ಅಡುಗೆಯವರು ಒಂದು ಹಳೆಯ ಚುರುಮುರಿ ಡಬ್ಬಿ ಕೊಟ್ಟರು. ಮುಚ್ಚಳಕ್ಕೆ ಸೀಳು ಮಾಡಿ ಫಿಲ್ಟರ್ ಪಕ್ಕ ಇಟ್ಟೆವು, ಜೊತೆಗೆ ದಾರ ಕಟ್ಟಿದ ಪೆನ್ನು, ಚೀಟಿ. ಹೇಳಬೇಕಾದ್ದು ಬರೆದು ಹಾಕುವುದು. ರಾತ್ರಿ ಊಟವಾದ ಮೇಲೆ ನಾಲ್ಕು ಮಕ್ಕಳು ಡಬ್ಬಿ ತೆರೆದು ಟೈಪ್ ಮಾಡುತ್ತಾರೆ. ನಾಲ್ವರಲ್ಲಿ ಒಬ್ಬರು ಮೊದಲ ವರ್ಷದವರು, ಇಬ್ಬರು ಹುಡುಗಿಯರು ಇರಲೇಬೇಕು. ಮನುಷ್ಯರ ಫೋಟೋ ಆದರೆ ಫೋಟೋದಲ್ಲಿ ಇರುವವರೇ ಬಂದು ಕೊಡಬೇಕು. ಪ್ರತಿ ಚೀಟಿಗೂ ತೆಗೆಯುವ ದಿನಾಂಕ ಇರಬೇಕು, ಬರೆಯದಿದ್ದರೆ ನಾಲ್ಕೇ ದಿನ. ಹಳಸಿದ ಸುದ್ದಿ ಒಂದು ವಾರ ಉಳಿದರೂ ಕಣ್ಣು ಮತ್ತೆ ಕುರುಡಾಗುತ್ತದೆ, ಬಾಗಿಲ ಟೀವಿಯಲ್ಲಿ ಅದನ್ನು ನೋಡಿದ್ದೆವಲ್ಲ.

ಪರದೆಯ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಕೂಡ ಹಾಕಿದ್ದೆ. ಬಾಟಲಿ ಹಿಡಿದ ಕೈ ಮೊಬೈಲ್ ತೆಗೆಯುವುದಿಲ್ಲ. ಅದನ್ನು ತೆಗೆದುಹಾಕಿದೆವು.

ಊರಿನ ನಕಾಶೆ ತಂದ ತೊಂದರೆ

ಹೊಸ ವರ್ಷದ ಮಕ್ಕಳು ಬಂದಾಗ ಒಂದು ನಕಾಶೆಯ ಪುಟ ಮಾಡಿದೆವು. ಯಾರು ಯಾವ ತಾಲೂಕು, ಏನು ಓದುತ್ತಿದ್ದಾರೆ, ಅಷ್ಟೇ. ಹೆಸರು, ಕೋಣೆ ನಂಬರ್ ಬೇಡ ಅಂತ ಹುಡುಗಿಯರು ಮೊದಲೇ ಹೇಳಿದ್ದರು. ಮೆಸ್ಸಿಗೆ ಊಟದ ಡಬ್ಬಾ ಒಯ್ಯುವ ಹೊರಗಿನ ಗಿರಾಕಿಗಳೂ ಬರುತ್ತಾರೆ, ಹುಡುಗಿಯರ ಮಾತು ಸರಿಯಾಗಿತ್ತು. 'ಜತ್ತ, ಮೆಕ್ಯಾನಿಕಲ್, 2 ಜನ' ಅಂತ ಬಂದರೆ ಸಾಕು, ಆ ಇನ್ನೊಬ್ಬ ಯಾರು ಅಂತ ಹುಡುಕುವುದು ಆ ಮಕ್ಕಳ ಕೆಲಸ.

ನಕಾಶೆ ಬಹಳ ಚೆನ್ನಾಗಿ ಕೆಲಸ ಮಾಡಿತು. ಬೇಡದಷ್ಟು ಚೆನ್ನಾಗಿ. ಒಂದು ತಿಂಗಳಲ್ಲಿ ಮೆಸ್ಸಿನ ಟೇಬಲ್ಲುಗಳು ಜಿಲ್ಲಾವಾರು ಆದವು. ಇದು ವಿಜಯಪುರದವರದು, ಅದು ಬೀದರದವರದು. ಕ್ರಿಕೆಟ್ ತಂಡ ಹಾಗೇ ಒಡೆಯಿತು. ಒಬ್ಬನೇ ಬಂದಿದ್ದ ರಾಯಚೂರಿನ ಹುಡುಗನಿಗೆ ಯಾವ ಟೇಬಲ್ಲೂ ಇರಲಿಲ್ಲ. ಒಗ್ಗಟ್ಟು ಬೆಳೆಸುವ ಉತ್ಸಾಹದಲ್ಲಿ ನಾವು ಗೋಡೆ ಕಟ್ಟಿದ್ದೆವು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಇದರ ಬಗ್ಗೆ. ನಮ್ಮ ಜನ ಊರು ಬಿಟ್ಟು ಬಂದಾಗ ಮೊದಲು ಹುಡುಕುವುದು ತಮ್ಮ ಊರಿನವರನ್ನೇ. ಅದು ತಪ್ಪಲ್ಲ. ಮೊದಲ ವಾರಗಳಲ್ಲಿ ಅದು ಜೀವ ಉಳಿಸುತ್ತದೆ. ಅಲ್ಲೇ ನಿಂತರೆ ಪುಣೆಗೆ ಬಂದದ್ದು ಯಾಕೆ ಅಲ್ವಾ?

ಮೂರನೇ ಮಹಡಿಯ ಹುಡುಗ ಒಂದು ಸಲಹೆ ಕೊಟ್ಟ. ಮೊದಲ ಮೂರು ವಾರ ಮಾತ್ರ ನಕಾಶೆ, ಆಮೇಲೆ ಪೂರ್ತಿ ತೆಗೆಯುವುದು. ಆ ಜಾಗದಲ್ಲಿ 'ನನಗೆ ಬರ್ತದ, ನನಗೆ ಬೇಕು' ಅನ್ನುವ ಪುಟ. 'ಆಟೋಕ್ಯಾಡ್ ಬರ್ತದ, ಹಾರ್ಮೋನಿಯಂ ಬೇಕು.' 'ಇಂಜೆಕ್ಷನ್ ಕೊಡಾಕ ಬರ್ತದ, ಅಕೌಂಟ್ಸ್ ತಿಳಿಯವಲ್ದು.' 'ಕನ್ನಡ ಮಾತಾಡಲು ಬರುತ್ತೆ, ಅಕ್ಷರ ಬೇಕು.' ಕೊನೆಯದು ಪಿಂಪ್ರಿ ಹುಡುಗಿಯದು. ಅವಳಿಗೆ ಅಕ್ಷರ ಕಲಿಸಲು ಮುಂದೆ ಬಂದವಳು ಅಕ್ಕಲಕೋಟೆಯ ನರ್ಸಿಂಗ್ ವಿದ್ಯಾರ್ಥಿನಿ. ಭಾನುವಾರ ಮಧ್ಯಾಹ್ನ ಖಾಲಿ ಮೆಸ್ಸಿನಲ್ಲಿ ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. ರಾಯಚೂರಿನ ಹುಡುಗನಿಗೆ ತಬಲಾ ಬರುತ್ತಿತ್ತು. ಅದು ಟೀವಿಯಲ್ಲಿ ಬಂದ ಸಂಜೆಯೇ ಅವನ ಕೋಣೆ ಬಾಗಿಲು ಬಡಿದರು.

ಹ್ಯಾರಿ ಬ್ರಿಗ್ನಲ್ ಮತ್ತು ಇವೋನ್ ರಾಜರ್ಸ್ ಅನ್ನುವ ಸಂಶೋಧಕರು 2003ರಲ್ಲಿ ಬರೆದದ್ದು ನನಗೆ ಇಲ್ಲಿ ಅರ್ಥವಾಯಿತು. ದೊಡ್ಡ ಪರದೆಯ ಹತ್ತಿರ ಹೋಗಲು ಜನಕ್ಕೆ ನಾಚಿಕೆ, ಎಲ್ಲರೆದುರು ಪೆಚ್ಚಾದರೆ ಅನ್ನುವ ಅಂಜಿಕೆ. ಆದರೆ ನಾಲ್ಕು ಜನ ಸೇರಿದ್ದರೆ ಐದನೆಯವರು ತಾನಾಗಿ ಬರುತ್ತಾರೆ, ಬೆಲ್ಲಕ್ಕೆ ಇರುವೆ ಬಂದ ಹಾಗೆ. ನಮ್ಮಲ್ಲಿ ಬೆಲ್ಲದ ಕೆಲಸ ಮಾಡಿದ್ದು ನೀರಿನ ಸಾಲು. ಚೀಟಿ ಬರೆದು ಡಬ್ಬಿಗೆ ಹಾಕಲು ನಾಚಬೇಕಾಗಿಲ್ಲ, ಯಾರು ಹಾಕಿದರು ಅಂತ ಯಾರೂ ನೋಡುವುದಿಲ್ಲ.

ಬುತ್ತಿ ಸಾಲು

ನಾನು ಯೋಚಿಸದೇ ಇದ್ದದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಒಂದು ದಿನ ಡಬ್ಬಿಯಲ್ಲಿ ಈ ಚೀಟಿ ಸಿಕ್ಕಿತು: 'ಶನಿವಾರ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಲಬುರಗಿಗೆ ಹೊಂಟೀನಿ. ಸೋಮವಾರ ವಾಪಸ್. ಯಾರದರೆ ಮನಿಂದ ಬುತ್ತಿ ತರೋದಿದ್ರ ಹೇಳ್ರಿ.' ಮುಂದಿನ ವಾರ ವಿಜಯಪುರಕ್ಕೆ ಹೋಗುವವನದು, ಅದರ ಮುಂದಿನ ವಾರ ಅಥಣಿಯದು. ಅದಕ್ಕೆ ಒಂದು ಪುಟವೇ ಮೀಸಲಾಯಿತು. ಗುರುವಾರ ರಾತ್ರಿ ಆ ಪುಟ ಬರುವ ಹೊತ್ತಿಗೆ ಬಾಟಲಿ ತುಂಬಿದರೂ ಜನ ಕದಲುವುದಿಲ್ಲ.

ಒಬ್ಬ ಹುಡುಗ ಇನ್ನೊಬ್ಬನ ತಾಯಿಯ ಕೈಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ತರುತ್ತಾನೆ. ಆ ತಾಯಿ ಅವನಿಗೂ ಎರಡು ಕಟ್ಟಿಕೊಡುತ್ತಾರೆ, ಮಗ ಹ್ಯಾಂಗ ಅದಾನ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದರೆ ಆ ಮಗನ ಪರಿಚಯ ಇರಬೇಕಲ್ಲ! ಹೀಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಮಾತಾಗುತ್ತದೆ. ಬುತ್ತಿ ಬಿಚ್ಚುವುದು ಮೆಸ್ಸಿನಲ್ಲೇ, ನಾಲ್ಕು ಜನರ ನಡುವೆ. ಜಿಲ್ಲಾವಾರು ಟೇಬಲ್ಲುಗಳು ಸಡಿಲವಾಗಿದ್ದಕ್ಕೆ ನನ್ನ ಯಾವ ಪುಟಕ್ಕಿಂತಲೂ ಗುರೆಳ್ಳು ಪುಡಿಯ ಪಾಲು ಜಾಸ್ತಿ.

ಎಳ್ಳು ಅಮಾವಾಸ್ಯೆ ಬಂದಾಗ ಪರೀಕ್ಷೆ ಇತ್ತು, ಯಾರೂ ಊರಿಗೆ ಹೋಗುವ ಹಾಗಿರಲಿಲ್ಲ. ಕಲಬುರಗಿ, ಬೀದರ್, ವಿಜಯಪುರದ ಕಡೆ ಅವತ್ತು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲುವುದು. ಡಬ್ಬಿಯ ಮಕ್ಕಳು ಎಲ್ಲರ ಮನೆಗೂ ಹೇಳಿ ಹೊಲದ ಫೋಟೋ ತರಿಸಿದರು. ಆ ದಿನ 5 ಪುಟದ ಕಾಯ್ದೆ ಮುರಿದೆವು. ರಾತ್ರಿ ಮೆಸ್ಸಿನಲ್ಲಿ ಭಜ್ಜಿ ಮಾಡಿಸಿದ್ದರು. ಎತ್ತು, ಜೋಳದ ತೆನೆ, ಬದುವಿನ ಮೇಲೆ ಸಾಲಾಗಿ ಕೂತ ಅಕ್ಕತಂಗಿಯರು ಒಂದಾದ ಮೇಲೊಂದು ಬರುತ್ತಿದ್ದರು. ಹುಡುಗರು ತಟ್ಟೆ ಹಿಡಿದು ನಿಂತೇ ಇದ್ದರು. 'ಅದು ನಮ್ಮ ಹೊಲ' ಅಂತ ಒಬ್ಬ ಕೂಗಿದ. ದೂರದಲ್ಲಿ ಪುಟ್ಟದಾಗಿ ಕಂಡ ಹಳದಿ ಸೀರೆಯನ್ನು ತೋರಿಸಿ ಇನ್ನೊಬ್ಬ "ನಮ್ಮವ್ವ" ಅಂದ.

1980ರ ನವೆಂಬರಿನಲ್ಲಿ ಕಿಟ್ ಗ್ಯಾಲೋವೇ ಮತ್ತು ಶೆರಿ ರಾಬಿನೋವಿಟ್ಸ್ ಅನ್ನುವ ಕಲಾವಿದರು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸಿನ ಬೀದಿಬದಿಯಲ್ಲಿ ಆಳೆತ್ತರದ ಎರಡು ಪರದೆ ಇಟ್ಟು, ಉಪಗ್ರಹದ ಮೂಲಕ ಜೋಡಿಸಿದ್ದರು. ಮೂರೇ ಸಂಜೆ, ಬೋರ್ಡಿಲ್ಲ, ವಿವರಣೆಯಿಲ್ಲ. ಮೂರನೇ ಸಂಜೆಗೆ ವರ್ಷಗಟ್ಟಲೆ ಭೇಟಿಯಾಗದ ಬಂಧುಗಳು ಹೊತ್ತು ಗೊತ್ತು ಮಾಡಿಕೊಂಡು ಬಂದು ನಿಂತರು. ಕಾಲೇಜಿನಲ್ಲಿ ಇದನ್ನು ಓದಿದ್ದೆ. ಹಳದಿ ಸೀರೆಯ ರಾತ್ರಿ ಅದು ನೆನಪಾಗಿ ಕಣ್ಣು ತುಂಬಿತು.

ಏನು ಆಗಲಿಲ್ಲ

ಮರುವರ್ಷವೂ ಒಬ್ಬಳು ಹುಡುಗಿ ನಡುವೆ ಬಿಟ್ಟು ಹೋದಳು, ಮನೆಯಲ್ಲಿ ಹಣ ಹೊಂದಲಿಲ್ಲ. ಅದಕ್ಕೆ ಪರದೆಯಲ್ಲಿ ಪರಿಹಾರ ಇಲ್ಲ. ಬರೆಯುವ ಅಭ್ಯಾಸವೇ ಇಲ್ಲದ ಮಕ್ಕಳು ಡಬ್ಬಿಗೂ ಬರುವುದಿಲ್ಲ, ಅವರನ್ನು ತಲುಪುವ ದಾರಿ ಇನ್ನೂ ಸಿಕ್ಕಿಲ್ಲ. ಗಲ್ಲಿಯ ಆಚೆ ಹುಡುಗಿಯರ ಕಟ್ಟಡದಲ್ಲಿ ಇನ್ನೊಂದು ಟೀವಿ ಬೇಕು ಅಂತ ಕೇಳಿದ್ದಾರೆ. ಕೊಡಬೇಕು, ಆದರೆ ಅದು ಈ ಟೀವಿಯ ನಕಲು ಆಗಬಾರದು. ಅವರು ನಿಲ್ಲುವ ಜಾಗ ಯಾವುದು ಅಂತ ಮೊದಲು ಮೂರು ಸಂಜೆ ಕೂತು ನೋಡಬೇಕು. ಅದಕ್ಕೆ ನಾನು ಬೇಡ, ಅವರೇ ನೋಡುತ್ತಾರೆ.

ಮಳೆಗಾಲದಲ್ಲಿ ಒಂದು ರಾತ್ರಿ ವೋಲ್ಟೇಜ್ ಏರಿ ಟೀವಿ ಸುಟ್ಟಿತು. ರಿಪೇರಿಗೆ ಬೋರ್ಡು ಬರಲು ಎರಡು ವಾರ ಬೇಕು ಅಂದರು. ಅದು ಹೊಸ ಮಕ್ಕಳು ಬರುತ್ತಿದ್ದ ಸಮಯ, ನನಗೆ ಚಿಂತೆಯಾಯಿತು. ನಾಲ್ಕನೇ ದಿನ ಹೋಗಿ ನೋಡಿದರೆ, ಟೀವಿಯ ಕಪ್ಪು ಗಾಜಿನ ತುಂಬ ಚೀಟಿಗಳು. ಡಬ್ಬಿಯ ಮಕ್ಕಳು ಟೈಪ್ ಮಾಡುವ ಬದಲು ಚೀಟಿಗಳನ್ನೇ ತೆಗೆದು ಗಾಜಿಗೆ ಅಂಟಿಸುತ್ತಿದ್ದರು. ಆರು ಸಾಲು, ಮೂಲೆಯಲ್ಲಿ ತೆಗೆಯುವ ದಿನಾಂಕ, ಎಲ್ಲಾ ಕಾಯ್ದೆ ಪ್ರಕಾರ. ನಡುವೆ ಒಂದು ಚೀಟಿ ಹೀಗಿತ್ತು:

'ಜತ್ತ ಕಡೆಯಿಂದ ಹೊಸದಾಗಿ ಬಂದೀನಿ. ಯಾರೂ ಗೊತ್ತಿಲ್ಲ. ರಾತ್ರಿ 8ಕ್ಕ ಊಟಕ್ಕ ಬರ್ತೀನಿ. ಯಾರರೆ ಬಾಜೂಕ ಕುಂದ್ರತೀರೇನು?'

ಅದರ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ಮೂರು ಉತ್ತರ. ಮೊದಲನೆಯದು, 'ಬಾ. ನೀರಿನ ಹತ್ರ ನಿಂತಿರ್ತೀನಿ, ಕೆಂಪು ಬಾಟಲಿ.'